ತರಕಾರಿ ಮಂಡಿಯಲ್ಲಿ ನನ್ನ ತೂಕ

ಮಗಳು ಐದು ತಿಂಗಳ ಬಸುರಿಯಾಗಿದ್ದಾಗ ಅವಳನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲಿದ್ದ ನರ್ಸಮ್ಮ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಫೈಲನ್ನು ನನ್ನ ಕೈಗೆ ಕೊಟ್ಟು, ನೀರು ಕುಡಿದಿದ್ದೀರಿ ತಾನೆ, ಒಳಗೆ ಹೋಗಿ ಮಲಗಿಕೊಳ್ಳಿ ಎಂದಳು. ನನಗಾಗ ನಲವತ್ತೇಳು. ಮಗಳು ಗೋಡೆ ಕಡೆ ತಿರುಗಿ ನಿಂತಳು. ಅವಳ ಭುಜ ಕುಣಿಯುತ್ತಿದ್ದುದರಿಂದ ನಗುತ್ತಿದ್ದಾಳೆಂದು ಗೊತ್ತಾಯಿತು. ಮನೆಗೆ ಬರುವವರೆಗೂ ನಾನು ಸೆರಗನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡೇ ಬಂದೆ.

ನನ್ನ ಹೊಟ್ಟೆಯದು ಬರೀ ಬೊಜ್ಜಾಗಿರಲಿಲ್ಲ. ಎರಡು ಹೆರಿಗೆಯೂ ಆಪರೇಷನ್ನಾಗಿ, ಹೊಲಿಗೆಯ ಗೆರೆಯ ಮೇಲೆ ಚರ್ಮ ಮಡಿಸಿಟ್ಟ ದುಪ್ಪಟಿಯ ಹಾಗೆ ಜೋತುಬಿದ್ದಿತ್ತು. ಬೇಸಿಗೆ ಬಂತೆಂದರೆ ಆ ಮಡಿಕೆಯೊಳಗೆ ಬೆವರು ನಿಂತು ಉರಿ, ತುರಿಕೆ. ಪೌಡರ್ ಡಬ್ಬಿ ಹದಿನೈದು ದಿನ ಬರುತ್ತಿರಲಿಲ್ಲ. ಅದನ್ನು ಆಪರೇಷನ್ ಮಾಡಿ ತೆಗೆಯುತ್ತಾರೆ, ಒಳಗಿನ ಸ್ನಾಯುವನ್ನೂ ಬಿಗಿ ಮಾಡುತ್ತಾರೆ ಎಂದು ಮೊದಲೇ ಕೇಳಿದ್ದೆ. ಆ ದಿನ ನಿರ್ಧಾರ ಮಾಡಿದೆ. ಆ ಮಡಿಕೆ ಹೋಗಬೇಕು, ನನಗೆ ಬೇಕಾದ್ದು ಅಷ್ಟೇ.

ಯಜಮಾನರಿಗೆ ಹೇಳಿದೆ. ಅವರು ತುಮಕೂರು ಕಡೆಯವರು, ಇಲ್ಲಿಯ ಕಾರ್ಖಾನೆಗೆ ಸೇರಿ ಇಪ್ಪತ್ತೈದು ವರ್ಷದ ಮೇಲಾಯಿತು. ಯಾವ ಮಾತಿಗೂ ತಕ್ಷಣ ಉತ್ತರ ಕೊಡುವವರಲ್ಲ. ಪೇಪರ್ ಇಳಿಸಿ, "ಈ ವಯಸ್ಸಲ್ಲಿ ಯಾರು ನೋಡ್ಬೇಕು ಅಂತ?" ಎಂದರು.

"ನಾನು ನೋಡ್ಕೋಬೇಕು," ಎಂದೆ.

ಅವರು ಮತ್ತೆ ಪೇಪರ್ ಎತ್ತಿಕೊಂಡರು. ಒಂದು ಹಾಳೆಯ ಎರಡೂ ಮಗ್ಗುಲು ಓದಿ ಮುಗಿಸಿದ ಮೇಲೆ, ಯಾವ ದಿನ ರಜೆ ಹಾಕಬೇಕು ಎಂದು ಕೇಳಿದರು.

ಬೆಂಗಳೂರಿನ ಡಾಕ್ಟರಮ್ಮ ನನಗಿಂತ ಚಿಕ್ಕವರು. ಮೊದಲು ತೂಕ ನೋಡಿದರು, ಎಂಬತ್ತನಾಲ್ಕು. ಈ ಆಪರೇಷನ್ ತೂಕ ಇಳಿಸುವುದಕ್ಕಲ್ಲ, ಇಳಿದ ಮೇಲೆ ಉಳಿಯುವ ಚರ್ಮಕ್ಕೆ ಎಂದು ಬಿಡಿಸಿ ಹೇಳಿದರು. ಮೈ ಹಗುರವಾಗಿದ್ದರೆ ಅರಿವಳಿಕೆಯ ಭಯ ಕಡಿಮೆ, ಗಾಯವೂ ಬೇಗ ಕೂಡಿಕೊಳ್ಳುತ್ತದೆ. ನಾನು ತಲೆಯಾಡಿಸುತ್ತಿದ್ದೆ, ಆದರೆ ಮುಖದಲ್ಲಿ ಅರ್ಥವಾದ ಲಕ್ಷಣ ಕಾಣಲಿಲ್ಲವೇನೋ.

"ಬ್ಲೌಸ್ ಹೊಲಿಸ್ತೀರಲ್ಲ," ಎಂದರು. "ಅಳತೆ ಕೊಟ್ಮೇಲೆ ನೀವು ಸಣ್ಣ ಆದ್ರೆ ಟೈಲರ್ ಏನ್ ಮಾಡ್ಬೇಕು? ಮೊದ್ಲು ಎಪ್ಪತ್ತರ ಹತ್ರ ಬನ್ನಿ. ಬಂದ್ಮೇಲೆ ಆರು ತಿಂಗಳು ಅಲ್ಲೇ ನಿಲ್ಲಿ. ಏರಬಾರ್ದು, ಇಳೀಬಾರ್ದು. ಆಮೇಲೆ ಡೇಟ್ ಕೊಡ್ತೀನಿ."

ಮನೆಯಲ್ಲಿ ತೂಕ ನೋಡುವ ಒಂದು ಸಣ್ಣ ಮಿಷನ್ನಿತ್ತು. ನಮ್ಮ ಕ್ವಾರ್ಟರ್ಸಿನ ನೆಲ ಎಲ್ಲೂ ಸಮವಿಲ್ಲ. ಅಡುಗೆಮನೆ ಬಾಗಿಲಲ್ಲಿಟ್ಟರೆ ಎಂಬತ್ತಾರು, ದೇವರ ಗೂಡಿನ ಮುಂದೆ ಎಂಬತ್ತೊಂದು. ದೇವರ ಮುಂದಿನದೇ ನಿಜವಿರಬಹುದೆಂದು ಎರಡು ದಿನ ನಂಬಿದ್ದೆ. ಫೋನಿನಲ್ಲಿ ಅಣ್ಣನ ಹತ್ತಿರ ಈ ಗೋಳು ಹೇಳಿಕೊಂಡಾಗ ಅವನು, ಮಂಡಿಗೆ ಬಾರಮ್ಮ, ಕ್ವಿಂಟಾಲ್‌ಗಟ್ಟಲೆ ತೂಗೋರಿಗೆ ನೀನೊಬ್ಬಳು ಹೆಚ್ಚಾ ಎಂದ.

ಅಣ್ಣನದು ಬಂಗಾರಪೇಟೆಯಲ್ಲಿ ತರಕಾರಿ ಮಂಡಿ, ಅಪ್ಪನ ಕಾಲದಿಂದ ಬಂದದ್ದು. ರೈತರು ತಂದ ಬೀನ್ಸು, ಬದನೆ, ದಪ್ಪ ಮೆಣಸಿನಕಾಯಿ ಎಲ್ಲ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಕಾಟಾ ಮೇಲೆ ಏರಿ ಇಳಿಯುತ್ತವೆ. ಕಾಟಾ ಅಂದರೆ ನೆಲದ ಮೇಲಿನ ದೊಡ್ಡ ತೂಕದ ಮಿಷನ್ನು. ಅದನ್ನು ನೋಡಿಕೊಳ್ಳುವವರು ಅಪ್ಪನ ಕಾಲದ ಆಳು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಆದರೂ ಮಂಡಿಯ ರೂಢಿಯಂತೆ ನನ್ನನ್ನು ಅಕ್ಕಯ್ಯ ಎನ್ನುತ್ತಾರೆ.

ಡಾಕ್ಟರಮ್ಮನನ್ನು ನೋಡಿ ಬಂದ ಐದನೆಯ ದಿನ ಹೋದೆ. ಆಗಲೇ ವ್ಯಾಪಾರದ ಗಲಾಟೆ ಮುಗಿಯುತ್ತ ಬಂದಿತ್ತು. ಅವರು ಕಾಟಾ ಮೇಲಿದ್ದ ಬೀನ್ಸಿನ ಕ್ರೇಟನ್ನು ಇಳಿಸಿ, ನನ್ನನ್ನು ಹತ್ತಿಸಿಕೊಂಡರು. ಅಂಕಿ ತೋರಿಸುವ ಡಬ್ಬಿ ಅವರ ಕಡೆಗೆ ತಿರುಗಿರುತ್ತದೆ. ಇಲ್ಲದಿದ್ದರೂ ನಾನು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದು ನಿಂತಿದ್ದೆ. ನಾನು ಮರೆತಿದ್ದುದು ಒಂದೇ. ಮಂಡಿಯಲ್ಲಿ ತೂಕ ನೋಡಿದರೆ ಸಾಲದು, ಕೊಟ್ಟವರಿಗೂ ಕೊಂಡವರಿಗೂ ಕೇಳಿಸುವಂತೆ ಎರಡು ಸಲ ಕೂಗಬೇಕು. ನಲವತ್ತು ವರ್ಷದ ಅಭ್ಯಾಸ, ನನಗೋಸ್ಕರ ಹೇಗೆ ಬಿಟ್ಟಾರು?

"ಎಂಬತ್ತೆರಡು. ಎಂಬತ್ತೇ...ರಡು."

ನಾಚಿಕೆಯಾಗುವ ಮೊದಲೇ ಸಂತೋಷವಾಯಿತು. ಕಾಫಿಗೆ ಸಕ್ಕರೆ ಬಿಟ್ಟ ಐದೇ ದಿನಕ್ಕೆ ಎರಡು ಕೆಜಿ. ಡಾಕ್ಟರಮ್ಮ ಸುಮ್ಮನೆ ಹೆದರಿಸಿದರು ಎಂದುಕೊಂಡೆ.

ಅಂದಿನಿಂದ ಪ್ರತಿ ಮಂಗಳವಾರ ನನ್ನ ತೂಕ ಬಂಗಾರಪೇಟೆಗೆಲ್ಲ ಗೊತ್ತಾಯಿತು. ಮುದ್ದೆ ಎರಡಿದ್ದದ್ದು ಅರ್ಧವಾಯಿತು, ರಾತ್ರಿ ಅನ್ನ ನಿಂತಿತು, ಬಸ್ಸಾರನ್ನು ಬಟ್ಟಲಲ್ಲಿ ಕುಡಿಯುವುದನ್ನು ಕಲಿತೆ. ಬೆಳಿಗ್ಗೆ ಯಜಮಾನರ ಜೊತೆ, ಹಳೆಯ ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದ ರಸ್ತೆಯಲ್ಲಿ ನಡೆಯತೊಡಗಿದೆ. ಎರಡೇ ತಿಂಗಳಿಗೆ ಅವರ ಪ್ಯಾಂಟು ಸಡಿಲವಾಗಿ, ಕಾರ್ಖಾನೆಯಲ್ಲಿ ಎಲ್ಲರೂ ಶುಗರ್ ಬಂತಾ ಸಾರ್ ಎಂದು ಕೇಳಿದರಂತೆ. ನಾನು ಮಾತ್ರ ವಾರಕ್ಕೆ ಕಾಲು ಕೆಜಿ ಲೆಕ್ಕದಲ್ಲಿ ಇಳಿಯುತ್ತಿದ್ದೆ. ಕ್ಯಾಸಂಬಳ್ಳಿ ಕಡೆಯ ರೈತರೊಬ್ಬರು ನನ್ನ ತೂಕ ಕೂಗಿದ್ದು ಕೇಳಿ ಕ್ರೇಟಿನ ಮೇಲೆ ಕೂತಲ್ಲಿಂದಲೇ, "ಅಕ್ಕ ವಾರಕ್ಕೆ ಕಾಲ್ ಕೆಜಿ ಇಳಿದವ್ರೆ. ನಮ್ ಬೀನ್ಸು ನಿಮ್ ಮಂಡೀಲಿ ಒಂದ್ ಮಧ್ಯಾನಕ್ಕೇ ಅಷ್ಟು ಇಳೀತದಲ್ಲಪ್ಪ," ಎಂದು ಅಣ್ಣನಿಗೆ ಕುಟುಕಿದರು. ಅಣ್ಣ ಕೇಳಿಸದವನಂತೆ ಫೋನು ಕಿವಿಗಿಟ್ಟುಕೊಂಡ.

ಅವರೆಕಾಯಿ ಕಾಲದಲ್ಲಿ ಒಂದೂವರೆ ಕೆಜಿ ಏರಿದೆ. ಹಮಾಲರೂ ಸೇರಿ ಎಲ್ಲರೂ ನನಗೆ ಸಮಾಧಾನ ಹೇಳಿದರು, ಅವರೆಕಾಳು ಹುಳಿಗೆ ಯಾರು ತಾನೆ ಬೇಡ ಅನ್ನೋಕಾಗುತ್ತೆ ಅಂತ. ಮಂಡಿಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನಮ್ಮೂರಿನ ತಿಳಿನೀರಿನ ಪಾನಿಪುರಿ ಗಾಡಿಗಳು. ನೀರು ಬಣ್ಣವಿಲ್ಲದೆ ತಿಳಿಯಾಗಿರುವುದರಿಂದ ಅದರಲ್ಲೇನೂ ಇರಲಾರದು ಎಂದು ಎಷ್ಟೋ ಸಲ ನನಗೆ ನಾನೇ ವಾದಿಸಿದ್ದುಂಟು. ಮೂರು ಸಲ ವಾದದಲ್ಲಿ ಗೆದ್ದೆ.

ಮೊಮ್ಮಗ ಹುಟ್ಟಿ, ಮಗುಚಿ, ಅಂಬೆಗಾಲಿಟ್ಟ. ಅವನು ಗೋಡೆ ಹಿಡಿದು ನಿಂತ ವಾರ ಕಾಟಾದವರು "ಎಪ್ಪತ್ತು" ಎಂದು ಮೂರು ಸಲ ಕೂಗಿದರು. ಮೂರನೆಯದು ನನ್ನ ಗೌರವಕ್ಕೆ. ಆಮೇಲೆ ಆರು ತಿಂಗಳು ಅಲ್ಲೇ ನಿಲ್ಲುವ ಕೆಲಸ. ಇಳಿಯುವುದಕ್ಕಿಂತ ಅದು ಕಷ್ಟ, ಯಾಕೆಂದರೆ ಹೊಗಳುವವರು ಯಾರೂ ಇರುವುದಿಲ್ಲ. ನಿಂತೆ. ಎಪ್ಪತ್ತು, ಎಪ್ಪತ್ತು, ಎಪ್ಪತ್ತೂ ಕಾಲು, ಮತ್ತೆ ಎಪ್ಪತ್ತು.

ಬೆಂಗಳೂರಿಗೆ ಹೊಸ ಸೀರೆ ಉಟ್ಟು ಹೋದೆ. ಅಲ್ಲಿಯ ಮಿಷನ್ನು ಎಪ್ಪತ್ತೆರಡು ತೋರಿಸಿತು. ಚಪ್ಪಲಿ ಬಿಟ್ಟಿದ್ದೆ, ಬಳೆ ಬಿಚ್ಚಿದೆ, ವ್ಯಾನಿಟಿ ಬ್ಯಾಗು ಮೊದಲೇ ಯಜಮಾನರ ಕೈಯಲ್ಲಿತ್ತು. ಎಪ್ಪತ್ತೆರಡೇ. ನಿಮ್ಮ ಮಿಷನ್ನು ಕೆಟ್ಟಿದೆ ಎಂದೆ. ನಾನು ಆರು ತಿಂಗಳಿಂದ ಎಪ್ಪತ್ತೇ ಇದ್ದೇನೆ, ನೂರು ಜನ ಸಾಕ್ಷಿ ಇದ್ದಾರೆ ಎಂದೆ. ಹಾಗೆ ಹೇಳಿ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

"ಎಪ್ಪತ್ತು ಇದ್ರಿ, ಈಗ ಎಪ್ಪತ್ತೆರಡು ಅಂದ್ರೆ ತೂಕ ಮತ್ತೆ ಏರ್ತಾ ಇದೆ ಅಂತ ಅರ್ಥ," ಎಂದರು ಡಾಕ್ಟರಮ್ಮ, ಬೇಸರದಿಂದಲೇ. "ಈಗ ಬೇಡ. ಇನ್ನೊಂದು ಆರು ತಿಂಗಳು ನೋಡೋಣ."

ಇನ್ನೊಂದು ಬೇಸಿಗೆ, ಇನ್ನೊಂದು ಸಾಲು ಪೌಡರ್ ಡಬ್ಬಿ, ಇನ್ನೊಂದು ಅವರೆಕಾಯಿ ಕಾಲ. ರೈಲಿನಲ್ಲಿ ಕಣ್ಣಲ್ಲಿ ನೀರು ಬಂತು. ಯಜಮಾನರು ಸಮಾಧಾನಕ್ಕೆಂದು ಬೇಯಿಸಿದ ಕಡಲೆಕಾಯಿ ಕೊಂಡರು. ಕೊಂಡ ಮೇಲೆ ನೆನಪಾಗಿ, ಕಿಟಕಿ ಕಡೆ ತಿರುಗಿ ಅಷ್ಟನ್ನೂ ಒಬ್ಬರೇ ತಿಂದು ಮುಗಿಸಿದರು.

ಮಾರನೆಯ ದಿನ ಮಂಗಳವಾರವಲ್ಲದಿದ್ದರೂ ಮಂಡಿಗೆ ಹೋದೆ, ಯಜಮಾನರೂ ಬಂದರು. ನಿನ್ನೆಯದೆಲ್ಲ ಹೇಳಿ, ನಿಮ್ಮ ಕಾಟಾದಲ್ಲಿ ಏನೋ ಮೋಸವಿದೆ ಎಂದೆ. ಮೋಸ ಎಂಬ ಮಾತಿಗೆ ಹಮಾಲರೆಲ್ಲ ಕೆಲಸ ನಿಲ್ಲಿಸಿದರು. ಕಾಟಾದವರು ಮಾತ್ರ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು.

"ಏನಕ್ಕಯ್ಯ, ಕ್ರೇಟು ಕಳೀಬೇಡವಾ?"

ನನಗೆ ಅರ್ಥವಾಗಲಿಲ್ಲ. ಅವರು ಕಾಟಾ ಮೇಲೆ ಖಾಲಿ ಕ್ರೇಟ್ ಇಟ್ಟು, ಡಬ್ಬಿಯನ್ನು ನನ್ನ ಕಡೆ ತಿರುಗಿಸಿದರು. ಸೊನ್ನೆ. ಕ್ರೇಟ್ ಎತ್ತಿದರು. ಮೈನಸ್ ಎರಡು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಕ್ರೇಟಿನ ತೂಕ ಎರಡು ಕೆಜಿ ಕಳೆದು ಸೊನ್ನೆ ಮಾಡಿಡುತ್ತಾರೆ, ಮಾಲಿನ ತೂಕ ಮಾತ್ರ ಸಿಗಲೆಂದು. ಅಪ್ಪ ಬದುಕಿದ್ದಾಗ ಗೋಣಿಚೀಲಕ್ಕೂ ಹೀಗೇ ಕಳೆಯುತ್ತಿದ್ದರು, ಆ ಗದ್ದಲದ ನಡುವೆಯೇ ನಾನು ಬೆಳೆದದ್ದು. ಒಂದೂವರೆ ವರ್ಷ ಪ್ರತಿ ವಾರವೂ, ಇಲ್ಲದ ಕ್ರೇಟೊಂದನ್ನು ನನ್ನ ಮೈಯಿಂದ ಕಳೆದು ತೂಕ ಹೇಳಿದ್ದರು.

"ಒಂದ್ ಮಾತು ಹೇಳಬಾರದಾಗಿತ್ತಾ?" ಎಂದೆ.

"ಮಂಡಿಯೋರ ಮನೆ ಹೆಣ್ಮಗಳು ನೀವು. ನಿಮಗೆ ನಾನು ಹೇಳ್ಕೊಡೋದಾ? ಎಲ್ಡು ಸೇರಿಸ್ಕಂತಾರೆ ಅಂತ ನಾನಂದ್ಕಂಡೆ."

ಅಣ್ಣನ ಕಡೆ ನೋಡಿದೆ. ತಾನೂ ಹಾಗೇ ಅಂದುಕೊಂಡಿದ್ದೆ ಎಂದ. ಹಮಾಲರೂ ತಲೆಯಾಡಿಸಿದರು. ಇಡೀ ಮಂಡಿಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಆಗ ಯಜಮಾನರು ಹೇಳಿದರು: "ಹಂಗಾದ್ರೆ ಇವಳು ಏರೇ ಇಲ್ವಲ್ಲ. ಆರು ತಿಂಗಳಿಂದ ಎಪ್ಪತ್ತೆರಡೇ ಇದ್ಲು."

ಅವರು ಫೋನು ತೆಗೆದು ವಿಡಿಯೊ ಮಾಡತೊಡಗಿದರು. ಕಾಟಾದವರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಕೋರ್ಟಿನಲ್ಲಿ ನಿಂತವರಂತೆ ನಿಂತರು. "ಡಾಕ್ಟರಮ್ಮ, ನೋಡ್ಕಳಿ. ಕ್ರೇಟ್ ಮಡಗಿದ್ರೆ ಸೊನ್ನೆ. ತೆಗೆದ್ರೆ ಎಲ್ಡು ಕಮ್ಮಿ. ಅಕ್ಕಯ್ಯ ನಿಂತ್ರೆ ಎಪ್ಪತ್ತು. ಎಪ್ಪ...ತ್ತು. ಎಲ್ಡು ಸೇರಿಸ್ಕಳಿ. ಆರ್ ತಿಂಗಳಿಂದ ಒಂದ್ ಹಿಡಿ ಬೀನ್ಸಿನಷ್ಟೂ ಆಚೀಚೆ ಆಗಿಲ್ಲ. ನಾನೇ ತೂಗಿರೋದು."

ಅದನ್ನು ಆಸ್ಪತ್ರೆಯ ನಂಬರಿಗೆ ಕಳಿಸಿದೆವು. ಎರಡು ದಿನ ಫೋನು ಬಿಟ್ಟು ಏಳಲಿಲ್ಲ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮೂರನೆಯ ದಿನ ಡಾಕ್ಟರಮ್ಮನೇ ಫೋನು ಮಾಡಿದರು. ನಗು ತಡೆದುಕೊಂಡ ದನಿ. ವಿಡಿಯೊ ನಾಲ್ಕು ಸಲ ನೋಡಿದರಂತೆ.

"ನನಗೆ ಬೇಕಾಗಿದ್ದು ನಿಂತ ತೂಕ. ಎಪ್ಪತ್ತೆರಡಾದ್ರೂ ಪರವಾಗಿಲ್ಲ, ನಿಂತಿದೆ. ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ, ಡೇಟ್ ಕೊಡ್ತೀನಿ."

ಆಪರೇಷನ್ ಆಯಿತು. ಹತ್ತು ದಿನ ಬೆನ್ನು ಬಗ್ಗಿಸಿಕೊಂಡೇ ನಡೆಯಬೇಕಿತ್ತು, ನೆಲದಲ್ಲಿ ಕಿವಿಯೋಲೆ ಹುಡುಕುವವಳ ಹಾಗೆ. ಯಜಮಾನರು ದಿಂಬು ಹಿಡಿದು ಹಿಂದೆಯೇ ಓಡಾಡುತ್ತಿದ್ದರು. ಕೆಮ್ಮು ಬಂದರೆ ಹೊಟ್ಟೆಗೆ ಒತ್ತಿಕೊಳ್ಳಲು ದಿಂಬು ಕೊಡಬೇಕೆಂದು ನರ್ಸು ಹೇಳಿದ್ದರಿಂದ, ನಾನು ಗಂಟಲು ಸರಿಮಾಡಿಕೊಂಡರೂ ಕೊಡುತ್ತಿದ್ದರು.

ಎರಡೂವರೆ ತಿಂಗಳಿಗೆ ನೈಟಿ ಬಿಟ್ಟು ಸೀರೆ ಉಟ್ಟೆ. ನೆರಿಗೆ ಹಿಡಿದರೆ ಬೆರಳ ತುಂಬ ಬಂತು, ಎಂದಿಗಿಂತ ಮೂರು ಹೆಚ್ಚು. ಸಿಕ್ಕಿಸಿಕೊಳ್ಳಲು ಕೈ ಹಾಕಿದೆ. ಎತ್ತಿ ಹಿಡಿಯಬೇಕಾದ ಮಡಿಕೆ ಅಲ್ಲಿರಲಿಲ್ಲ, ಚಪ್ಪಟೆಯಾಗಿ, ಇನ್ನೂ ಸ್ವಲ್ಪ ಮರಗಟ್ಟಿದಂತಿತ್ತು. ಸಿಕ್ಕಿಸಿದೆ. ನೆರಿಗೆ ನೇರವಾಗಿ ಪಾದದವರೆಗೆ ಇಳಿದು ನಿಂತಿತು. ಹೊರಗಿನಿಂದ ಯಜಮಾನರು ಆಗಲೇ ಎರಡು ಸಲ ಕರೆದಿದ್ದರು. ಬಂದೆ ಎಂದೆ, ಆದರೆ ಕನ್ನಡಿ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತೆ.