ಒಡೆಯದೆ ಉಳಿದ ಸಕ್ಕರೆ

ಬೆನ್ನಾಸರ್ ಹೆಂಡತಿಗೆ ಹೊಡೆದ ಮರುದಿನ ಮನೆಗೆ ಸಕ್ಕರೆ ಬರುತ್ತಿತ್ತು. ನೀಲಿ ಕಾಗದ ಸುತ್ತಿದ, ಎರಡು ಕಿಲೋ ತೂಗುವ, ಮೊನಚು ತಲೆಯ ಗಟ್ಟಿ. ಸಂತೆಯಲ್ಲಿ ಹೇಸರಗತ್ತೆಗಳಿಗೆ ಲಾಳ ಕಟ್ಟಿ ಬಂದವನು ಅದನ್ನು ಚಹಾದ ತಟ್ಟೆಯ ಮೇಲೆ ಕುಕ್ಕಿ, ತುಟಿ ಬಿಚ್ಚದೆ ಗೋಡೆಗೆ ಒರಗಿ ಕೂರುತ್ತಿದ್ದ. ಹೆಂಡತಿ ತಾಮು ಹಿತ್ತಾಳೆಯ ಪುಟ್ಟ ಸುತ್ತಿಗೆಯಿಂದ ಗಟ್ಟಿ ಒಡೆದು ಚಹಾ ಕುದಿಸುತ್ತಿದ್ದಳು. ಇಬ್ಬರೂ ಕುಡಿದರೆಂದರೆ ಜಗಳ ಮುಗಿಯಿತು. ಹಲ್ಲು ಅಲುಗಾಡುತ್ತಿದ್ದರೂ ಮುಗಿಯಿತು.

ಇದನ್ನು ಅವನೇನೂ ಹುಟ್ಟುಹಾಕಿದ್ದಲ್ಲ. ಈ ಬೆಟ್ಟದ ಊರುಗಳಲ್ಲಿ ತಪ್ಪು ಮಾಡಿದವನು ಸಕ್ಕರೆ ತರುತ್ತಾನೆ, ಅದನ್ನು ಒಡೆದವರು ಕ್ಷಮಿಸಿದಂತೆ. ಮದುವೆಯಾದ ವರ್ಷವೇ ತಾಮು ಎರಡು ಪಕ್ಕೆಲುಬು ಮುರಿಸಿಕೊಂಡು ತವರಿಗೆ ಓಡಿದ್ದಳು. ಬೆನ್ನಾಸರ್ ಹಿರಿಯರನ್ನು ಕರೆದುಕೊಂಡು ನಾಲ್ಕು ಗಟ್ಟಿ ಹೊತ್ತು ಬಂದ. ಅಪ್ಪ ಗಟ್ಟಿಗಳನ್ನು ನೋಡಿದ, ಮಗಳ ಪಕ್ಕೆಲುಬು ನೋಡಲಿಲ್ಲ. ಅವಳ ಅಣ್ಣ ಮೋಹಾನ ಕೈಗೆ ಸುತ್ತಿಗೆ ಕೊಟ್ಟು ಒಡೆಸಿದ. ಸತ್ತವರನ್ನು ಬೈಯಬಾರದು, ನಿಜ. ಆದರೆ ಆ ಮುದುಕನನ್ನು ಬೈಯದೆ ಈ ಹೆಣ್ಣಿನ ಬದುಕನ್ನು ಹೇಳುವುದು ಹೇಗೆ? ಆಮೇಲೆ ಇಪ್ಪತ್ತೆಂಟು ವರ್ಷ ಅವಳು ಒಡೆದಳು, ಕುಡಿದಳು.

ಹೋದ ಚಳಿಗಾಲದಲ್ಲಿ ಒಂದು ದಿನ ಅವನು ಮೊಳೆ ಹೊಡೆದ ಬೂಟಿನಿಂದ ಅವಳ ಪಾದ ತುಳಿದ. ರಕ್ತ ಬಂತು, ನೋವು ಬರಲಿಲ್ಲ. ನೋವು ಬಾರದ್ದಕ್ಕೇ ಅವಳು ಹೆದರಿದಳು. ಎರಡು ವಾರದಲ್ಲಿ ಕಿರುಬೆರಳು ಕಪ್ಪಾಯಿತು. ಆಗ ಕುಂಟುತ್ತ ಆಸ್ಪತ್ರೆಗೆ ಹೋದಳು.

ನರ್ಸ್ ಕೆಲ್ತೂಮ್ ಚುರುಕು ಹುಡುಗಿ. ರಕ್ತ ಪರೀಕ್ಷಿಸಿ, ಹುಬ್ಬು ಗಂಟಿಕ್ಕಿ, ಕಾಗದ ತೆಗೆದು ಕೂತಳು.

"ಚಿಕ್ಕಮ್ಮ, ಬೆಳಿಗ್ಗೆ ಏನ್ ತಿಂತೀರಿ?"

"ರೊಟ್ಟಿ, ಚಹಾ."

"ಮಧ್ಯಾಹ್ನ?"

"ರೊಟ್ಟಿ, ಆಲೂಗಡ್ಡೆ. ಆಮೇಲೆ ಚಹಾ."

"ರಾತ್ರಿಗೂ ರೊಟ್ಟಿ, ಚಹಾ ಅಂತ ನಾನೇ ಬರ್ಕೊಳ್ಲಾ?"

"ಬರ್ಕೋ ತಾಯಿ, ಓದಿದೋಳು ನೀನು," ಎಂದು ತಾಮು ನಕ್ಕಳು.

"ತಿಂಗಳಿಗೆ ಎಷ್ಟು ಗಟ್ಟಿ ಸಕ್ಕರೆ?"

ತಾಮು ಬೆರಳು ಮಡಚಿದಳು. "ಹೋದ ತಿಂಗಳು ನಾಲ್ಕು. ರಂಜಾನಲ್ಲಿ ಆರು."

"ಇರೋರು ಇಬ್ರು! ಉಪವಾಸದ ತಿಂಗಳಲ್ಲಿ ಆರಾ? ಮದುವೆ ಗಿದುವೆ ಇತ್ತಾ?"

"ಇಲ್ಲಮ್ಮ. ಹಗಲೆಲ್ಲ ಸಿಗರೇಟಿರಲ್ವಲ್ಲ, ಅವನ ತಲೆ ಕೆಟ್ಟಿರುತ್ತೆ."

"ಅದಕ್ಕೂ ಸಕ್ಕರೆಗೂ ಏನ್ ಸಂಬಂಧ?"

ತಾಮು ಅಂಗಿಯ ತೋಳನ್ನು ಮೇಲೆ ಸರಿಸಿದಳು. ಹೊಸ ಬಾಸುಂಡೆಗಳು ನೀಲಿಯಾಗಿದ್ದವು, ಹಳೆಯವು ಹಳದಿಗೆ ತಿರುಗಿದ್ದವು. "ಹೊಡೆದ್ರೆ ಮಾರನೇ ದಿನ ಒಂದು ತರ್ತಾನೆ."

ಕೆಲ್ತೂಮ್ ಪೆನ್ನು ಕೆಳಗಿಟ್ಟಳು. ಸಿಟ್ಟು ನುಂಗಿಕೊಂಡು, "ಇದು ಸಕ್ಕರೆ ಕಾಯಿಲೆ, ಬೆರಳು ತೆಗೀಲೇಬೇಕು," ಎಂದಳು. "ಸಕ್ಕರೆ ಬಿಡ್ದೆ ಇದ್ರೆ ಮುಂದೆ ಪಾದ, ಆಮೇಲೆ ಮೊಣಕಾಲು. ಬಿಳಿ ರೊಟ್ಟಿ ಬಿಡಿ, ಬಾರ್ಲಿ ರೊಟ್ಟಿ ತಿನ್ನಿ, ಅದೂ ಅರ್ಧ. ದಿನಾ ಬೇಳೆ, ಸೊಪ್ಪು, ಎಲೆಕೋಸು ಇರ್ಲಿ. ಚಹಾಕ್ಕೆ ಒಂದು ಹರಳೂ ಬೇಡ. ಆ ಗಟ್ಟೀನ ಒಡೀಲೇಬೇಡಿ."

"ಒಡೀದಿದ್ರೆ ಕ್ಷಮಿಸಿಲ್ಲ ಅಂತಾಗುತ್ತಲ್ಲಮ್ಮ."

"ಕ್ಷಮಿಸಿದ್ದೀರಾ?"

ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

ಬೆರಳು ಕಳೆದುಕೊಂಡು ಮನೆಗೆ ಬಂದವಳು ಮಸೂರ ಬೇಳೆ ಬೇಯಿಸಿ, ಬಾರ್ಲಿ ರೊಟ್ಟಿ ತಟ್ಟಿದಳು. ಬೆನ್ನಾಸರ್ ಒಂದು ತುತ್ತು ಬಾಯಿಗಿಟ್ಟು ಉಗಿದ. "ಕತ್ತೆ ತಿನ್ನೋ ಬಾರ್ಲಿ ನನಗಾ? ನಾನು ಲಾಳ ಕಟ್ಟೋನು ಕಣೇ, ಕಟ್ಟಿಸ್ಕೊಳ್ಳೋನಲ್ಲ!" ಎಂದು ಬಿಸಿ ಮಡಕೆಯನ್ನೇ ಎತ್ತಿ ಎಸೆದ. ಗೋಡೆಗೆ ಬಡಿದ ಮಡಕೆಯ ಚೂರು ಅವಳ ಕಿವಿ ಸೀಳಿತು. ಮರುದಿನ ಗಟ್ಟಿ ಬಂತು. ಅವಳು ಕಾಗದವನ್ನೂ ಬಿಚ್ಚದೆ ಅದನ್ನು ಗೋಡೆಯ ಗೂಡಿನಲ್ಲಿಟ್ಟು, ಅವನ ಮುಂದೆ ಕಹಿ ಚಹಾ ಇಟ್ಟಳು. ಅವನು ಹೊಟ್ಟೆಗೆ ಒದ್ದ. ಮತ್ತೊಂದು ಗಟ್ಟಿ ಬಂತು. ಅದೂ ಗೂಡು ಸೇರಿತು. ಭಯವಿರಲಿಲ್ಲ ಎಂದರೆ ಸುಳ್ಳು. ಅವನ ಬೂಟಿನ ಸದ್ದಿಗೆ ಅವಳು ಗೋಡೆಯತ್ತ ಸರಿಯುತ್ತಿದ್ದಳು. ಆದರೂ ನಾಳೆಗೆ ಬೇಳೆ ನೆನೆಹಾಕುತ್ತಿದ್ದಳು.

ಬಾದಾಮಿ ಮರಗಳು ಹೂಬಿಡುವ ಹೊತ್ತಿಗೆ ಗೂಡಿನಲ್ಲಿ ಏಳು ಗಟ್ಟಿಗಳು ನಿಂತಿದ್ದವು. ಗಾಯ ಮಾಗಿತ್ತು. "ಪಾದ ಉಳೀತು ಚಿಕ್ಕಮ್ಮ, ಹೀಗೇ ಇರಿ," ಎಂದಿದ್ದಳು ಕೆಲ್ತೂಮ್.

ಹೊಡೆಯುವುದು ಬೆನ್ನಾಸರನಿಗೆ ಅಭ್ಯಾಸವಾಗಿತ್ತು. ಕ್ಷಮೆ ಸಿಗದಿರುವುದು ಅಭ್ಯಾಸವಿರಲಿಲ್ಲ. ಆ ಗೂಡು ಅವನ ನೆಮ್ಮದಿ ಕೆಡಿಸಿತು. ಕೊನೆಗೆ ಆ ಪುಣ್ಯಾತ್ಮ ತಾನೇ ಹೋಗಿ ಊರ ಹಿರಿಯ ಹಾಜಿ ಉಸಯೀದನನ್ನೂ ಅವಳ ಅಣ್ಣ ಮೋಹಾನನ್ನೂ ಪಂಚಾಯಿತಿ ಮಾಡಲು ಮನೆಗೆ ಕರೆತಂದ.

"ನೋಡಿ ಹಾಜಿ, ಕತ್ತೆ ಮೇವು ಹಾಕ್ತಾಳೆ. ತಂದ ಸಕ್ಕರೆ ಮುಟ್ಟಲ್ಲ."

ಹಾಜಿ ಗೂಡಿನ ಕಡೆ ನೋಡಿದ. "ಏನಪ್ಪಾ, ಅಂಗಡಿ ಗಿಂಗಡಿ ಇಡ್ತಿದ್ದೀಯಾ?"

"ಅಂಗಡಿ ಅಲ್ಲ, ಹಾಜಿ," ಎಂದಳು ತಾಮು. ಎದ್ದು ಒಂದೊಂದನ್ನೇ ಮುಟ್ಟಿ ತೋರಿಸಿದಳು. "ಇದು ಬೇಳೆ ಬೇಯಿಸಿದ್ದಕ್ಕೆ, ನನ್ನ ಕಿವಿ ಹರೀತು. ಇದು ಕಹಿ ಚಹಾಕ್ಕೆ, ಹೊಟ್ಟೆಗೆ ಒದ್ದ. ಇದು ಆಸ್ಪತ್ರೆಗೆ ಹೋಗಿದ್ದಕ್ಕೆ. ಇದು..."

"ಬಾಯ್ ಮುಚ್ಚೇ!"

ತಟ್ಟೆಯ ಮೇಲಿದ್ದ ಸುತ್ತಿಗೆ ಹಾರಿಬಂದು ಅವಳ ಹುಬ್ಬಿಗೆ ಬಡಿಯಿತು. ರಕ್ತ ಕಣ್ಣ ಮೇಲಿಂದ ಇಳಿದು ಗೂಡಿನ ಕೆಳಗಿದ್ದ ಬಾರ್ಲಿ ರೊಟ್ಟಿಯ ಮೇಲೆ ತೊಟ್ಟಿಕ್ಕಿತು. ಆಗ ಬೆನ್ನಾಸರನ ಕೈ, ಇಪ್ಪತ್ತೆಂಟು ವರ್ಷದ ರೂಢಿಯಿಂದ ತಾನಾಗಿಯೇ ಗೂಡಿಗೆ ಹೋಗಿ ಒಂದು ಗಟ್ಟಿ ತೆಗೆದು ಅವಳ ಮುಂದೆ ಚಾಚಿತು.

ಹಾಜಿ ತಲೆ ತಗ್ಗಿಸಿ ದೇವರ ಹೆಸರು ಹೇಳಿದ. ಮೋಹಾ ಎದ್ದು ಆ ಗಟ್ಟಿಯನ್ನು ಕಿತ್ತುಕೊಂಡು ಮತ್ತೆ ಗೂಡಿನಲ್ಲಿಟ್ಟ.

"ಮೊದಲನೇದನ್ನ ಒಡೆದೋನು ನಾನೇ, ತಾಮು. ನನಗೊಂದು ಲೋಟ ಚಹಾ ಕೊಡು. ಸಕ್ಕರೆ ಹಾಕ್ಬೇಡ."

ತಲೆವಸ್ತ್ರವನ್ನು ಹುಬ್ಬಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅವಳು ಚಹಾ ಸುರಿದಳು. ಮೋಹಾ ಮುಖ ಕಿವುಚುತ್ತ ತಳದವರೆಗೂ ಕುಡಿದ. ಹಾಜಿ ತನ್ನ ಲೋಟವನ್ನೂ ಮುಂದೆ ಹಿಡಿದ.

ಅಣ್ಣನ ಜೊತೆ ಹೊರಟ ತಾಮು ಆ ಮನೆಯಿಂದ ತೆಗೆದುಕೊಂಡದ್ದು ಬಾರ್ಲಿ ಹಿಟ್ಟಿನ ಚೀಲವೊಂದೇ. ಕುಂಟುತ್ತ ಹೋದಳು, ತನ್ನ ಎರಡು ಪಾದಗಳ ಮೇಲೆಯೇ ಹೋದಳು.