ನಡುವೆ ತೂತಿದ್ದ ಹಣತೆ

ವಾಮನ ಕೋಟ್ಯಾನರು ಹಟಮಾರಿ. ತಪ್ಪು ಒಪ್ಪಿಕೊಳ್ಳುವುದು ಆ ಮನುಷ್ಯನಿಂದ ಆಗದ ಕೆಲಸ. ಮುಂಬೈಯ ದಾದರಿನ ಉಡುಪಿ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ವಡೆ ಕರಿದವರು. ಸಾಂಬಾರಿಗೆ ಉಪ್ಪು ಹೆಚ್ಚಾದರೂ ತಪ್ಪು ಗಿರಾಕಿಯ ನಾಲಗೆಯದೇ.

ತನ್ನ ಮಂಡಿಯ ಆಪರೇಷನ್ ಆಗಿ ನಡೆಯುವಂತಾದರೆ ಕಾರ್ತಿಕ ಹುಣ್ಣಿಮೆಗೆ ಬಾಣಗಂಗೆ ಕೊಳದಲ್ಲಿ ಹಿಟ್ಟಿನ ದೀಪ ಬಿಡುತ್ತೇನೆಂದು ಹೆಂಡತಿ ಸೇವಂತಿ ಹರಕೆ ಹೊತ್ತಿದ್ದರು. ಹಿಟ್ಟಿನ ಕೆಲಸ ತನ್ನದೆಂದು ಗಂಡ ಪಟ್ಟು ಹಿಡಿದರು. ಮುಲುಂಡಿನ ಮನೆಯಲ್ಲಿ ಐದು ಹಣತೆ ತಟ್ಟಿ, ಹಬೆಯಲ್ಲಿ ಬೇಯಿಸಿ, ಡಬ್ಬಿ ಮುಚ್ಚಿ ತಂದರು.

ಹುಣ್ಣಿಮೆಯ ಸಂಜೆ ಕೊಳದ ಮೆಟ್ಟಿಲ ಮೇಲೆ ಸೇವಂತಿ ಡಬ್ಬಿ ತೆರೆದರೆ, ಪ್ರತಿ ಹಣತೆಯ ನಡುವೆಯೂ ಅಚ್ಚುಕಟ್ಟಾದ ತೂತು! ಹೆಬ್ಬೆರಳು ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ.

“ಇದೆಂತದು ಮಾರಾಯ್ರೇ, ಗಂಗಮ್ಮನಿಗೆ ಉದ್ದಿನ ವಡೆಯಾ? ಚಟ್ನಿ ಎಲ್ಲುಂಟು?”

“ನಿಂಗೆಂತ ಗೊತ್ತುಂಟು? ಗಾಳಿ ಆಡಿದ್ರೆ ದೀಪ ಚಂದ ಉರೀತದೆ!”

ಹಾಗೆಂದು ಅವರೇ ನೀರಿಗೆ ಬಿಟ್ಟ ನಾಲ್ಕು ಹಣತೆಗಳೂ ಬುಳಕ್ಕನೆ ಮುಳುಗಿದವು. ಮೀನುಗಳಿಗೆ ಹಬ್ಬವಾಯಿತು. ಸೇವಂತಿಯ ನಗು ನಿಂತಿತು; ಹರಕೆ ತೀರಿಸಲು ಉಳಿದದ್ದು ಒಂದೇ ಹಣತೆ.

ಕೋಟ್ಯಾನರು ಪ್ಯಾಂಟು ಮಡಚಿ ನೀರಿಗಿಳಿದರು. ಐದನೆಯ ಹಣತೆಯ ತೂತಿಗೆ ಕೆಳಗಿನಿಂದ ಬೆರಳಿಟ್ಟು ನೀರ ಮೇಲೆ ಹಿಡಿದರು. ಸೇವಂತಿ ಎಣ್ಣೆ ಹೊಯ್ದು, ಬತ್ತಿ ಹಚ್ಚಿ, ಕೈಮುಗಿದರು.

“ಸೋಡಾ ನಾ ಕಾಕಾ, ಬಿಟ್ಟುಬಿಡಿ, ತೇಲಲಿ,” ಎಂದರು ಪಕ್ಕದ ಮರಾಠಿ ಹೆಂಗಸು.

“ಬಿಡುವ ಹಾಗಿಲ್ಲ ತಾಯಿ. ತೂತು ಮಾಡಿದ್ದು ನಾನೇ,” ಎಂದು ಕೋಟ್ಯಾನರು ತಮ್ಮ ಹೋಟೆಲ್ ಮರಾಠಿಯಲ್ಲಿ ಹೇಳಿದರು. ದೀಪ ತಾನಾಗಿ ಆರುವವರೆಗೂ ಬೆರಳು ತೆಗೆಯಲಿಲ್ಲ.