ನಾಲ್ಕನೆಯ ಮೋಟಾರು

ಆಗ ನನಗೆ ನಲವತ್ತೊಂಬತ್ತು. ಅದಾಗಿ ಹದಿನೆಂಟು ವರ್ಷವಾಯಿತು. ಭಾಗ್ಯ, ನಿನ್ನ ರೋಬೋ ಸೋತದ್ದು ನಿನ್ನ ತಪ್ಪಿನಿಂದಲ್ಲ — ಸೋಲಿಸಿದವಳು ನಾನು. ತಿಳಿದೇ ಮಾಡಿದೆ.

ನಂಜನಗೂಡಿನ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಇಪ್ಪತ್ತು ವರ್ಷ ತಂತಿ ಸುತ್ತಿದವಳು ನಾನು. ಓದಿದ್ದು ಎರಡನೇ ಕ್ಲಾಸು. ಆದರೆ ಕಾಯಿಲು ಸುಟ್ಟಿದೆಯೋ ಇಲ್ಲವೋ ಮೂಸಿಯೇ ಹೇಳುತ್ತಿದ್ದೆ. ನನ್ನಷ್ಟು ಮೋಟಾರು ಬಲ್ಲ ಗಂಡಸೂ ಆ ಬೀದಿಯಲ್ಲಿ ಇರಲಿಲ್ಲ — ಇದನ್ನು ಹೇಳಲು ಈಗಲೂ ನಾಚಿಕೆಯಿಲ್ಲ.

ನಿಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ರೋಬೋಗಳ ಕಾಳಗ ಇಟ್ಟಿದ್ದರು. ಒಂದು ಇನ್ನೊಂದನ್ನು ಕಣದಿಂದ ಆಚೆ ತಳ್ಳಬೇಕು. ನನ್ನ ಮಗಳು ಶೋಭಾ ಒಂದು ಕಟ್ಟಿದಳು, ಅವಳ ಜೊತೆ ಓದುತ್ತಿದ್ದ ನೀನು ಒಂದು. ಗೆದ್ದು ತೋರಿಸಿದರೆ ಇಂಜಿನಿಯರಿಂಗ್ ಓದಿಸುತ್ತೇನೆ, ಇಲ್ಲದಿದ್ದರೆ ಓದಿದ್ದು ಸಾಕು — ನರಸೀಪುರದಲ್ಲಿ ನಿನ್ನಪ್ಪ ಹಾಗೆಂದದ್ದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಉಣ್ಣುತ್ತಾ ನೀನೇ ಹೇಳಿದ್ದೆ.

ಗುಜರಿಯಿಂದ ತಂದ ಲಾರಿ ವೈಪರಿನ ಮೋಟಾರು ನಾಲ್ಕು. ಚಕ್ರಕ್ಕೊಂದರಂತೆ ಒಬ್ಬೊಬ್ಬರಿಗೆ ಎರಡು. ಎರಡರ ಬಲವೂ ಸಮ ಇರಬೇಕು, ಇಲ್ಲದಿದ್ದರೆ ಗಾಡಿ ನೆಟ್ಟಗೆ ಹೋಗದು. ಬ್ಯಾಟರಿಗೆ ಕೊಟ್ಟು, ತಿರುಗುವ ಶಾಫ್ಟಿಗೆ ಬಟ್ಟೆ ಸುತ್ತಿ ಬಿಗಿಹಿಡಿದೆ. ಮೂರು ನನ್ನ ಮುಷ್ಟಿಯನ್ನೇ ತಿರುಚಿದವು. ನಾಲ್ಕನೆಯದು ಸೊರಗಿತು — ಒಳಗೆ ಕರೆಂಟು ದಾಟಿಸುವ ಕಾರ್ಬನ್ ತುಂಡು ಸವೆದಿತ್ತು. ಸುಮ್ಮನೆ ಓಡಿಸಿದರೆ ತಿಳಿಯುವುದಿಲ್ಲ. ಭಾರ ಬಿದ್ದಾಗಲೇ ಕೈಕೊಡುವುದು.

"ಅಮ್ಮ, ನನ್ ಮೋಟಾರ್ನೂ ನೀವೇ ಆರ್ಸ್‌ಕೊಡಿ. ನಿಮ್ ಕೈ ಇರೋವಾಗ ಮೀಟ್ರು ಯಾಕೆ?" ಎಂದು ಕೇಳಿದವಳು ನೀನು.

ಆ ಮಾತಿಗೆ ಉಬ್ಬಿದೆ. ಉಬ್ಬಿಯೂ — ನನ್ನ ಮಗಳು ಗೆಲ್ಲಲೆಂದು, ಸವೆದದ್ದನ್ನು ನಿನ್ನ ಜೋಡಿಗೆ ಸೇರಿಸಿದೆ. ಸುಮ್ಮನೆ ಓಡಿಸಿ ತೋರಿಸಿದೆ.

"ತಕ್ಕೊ ಕಣವ್ವ, ಎಲ್ಡೂ ಒಂದ್ ತಾಯಿ ಮಕ್ಳು."

ಮೊದಲ ಆಟವೇ ನಿಮ್ಮಿಬ್ಬರದು. ಶೋಭಾಳದು ಬಂದು ಒತ್ತಿತು. ನಿನ್ನದು ನಿಂತಲ್ಲೇ ಸುತ್ತತೊಡಗಿತು.

"ಲೇ, ಗಾಣದೆತ್ತು ಕಣ್ಲಾ!" ಹುಡುಗರು ಕೂಗಿದರು. "ಕಣ್ಗೊಂದ್ ಬಟ್ಟೆ ಕಟ್ರಲಾ, ಎಣ್ಣೆನಾದ್ರೂ ಬರ್ಲಿ!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಕೊನೆಗೆ ಕಪ್ಪು ನಮ್ಮ ಮನೆಗೇ ಬಂತು.

ಶೋಭಾಗೆ ಇದೊಂದೂ ಗೊತ್ತಿಲ್ಲ. ಈಗ ತಾಂಡ್ಯದ ಫ್ಯಾಕ್ಟರಿಯಲ್ಲಿ ಮೋಟಾರುಗಳ ಉಸ್ತುವಾರಿ ಅವಳದು. ಅವಳನ್ನು ನೋಡಿದರೆ ಎದೆ ಉಬ್ಬುತ್ತದೆ, ಸುಳ್ಳು ಹೇಳುವುದಿಲ್ಲ. ನೀನು ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುತ್ತೀಯಂತೆ. ಕ್ಷಮಿಸು ಎನ್ನೋಣವೆಂದರೆ — ಯಾವ ಬಾಯಲ್ಲಿ...

ಆ ಸಂಜೆ ನೀನು ಮೋಟಾರುಗಳನ್ನು ತಂದಿಟ್ಟು, "ವೈರಿಂಗ್ ನಾನೇ ಕೆಡಿಸ್ದೆ ಕಣಮ್ಮ. ಮಿಷಿನ್ ಕೆಲ್ಸ ನನ್ ಕೈಗ್ ಅತ್ತಲ್ಲ ಬುಡಿ" ಎಂದೆಯಲ್ಲ, ಆಗಲಾದರೂ ಹೇಳಬಹುದಿತ್ತು.

ಮಾರನೆಯ ಬೆಳಿಗ್ಗೆ ಅಂಗಡಿಗೆ ಹೋಗಿ ಆ ಮೋಟಾರಿಗೆ ಹೊಸ ಕಾರ್ಬನ್ ಹಾಕಿದೆ. ಕಾಲು ಗಂಟೆಯ ಕೆಲಸ. ಒರೆಸಿ, ಮಾರುವ ಸಾಲಿನಲ್ಲಿ ಇಟ್ಟೆ.